ಯಲ್ಲಾಪುರದ ಕಡೆ ಏಳನೆಯವನಾಗಿ

ಹೋದ ತಿಂಗಳು ನಮ್ಮ ಮನೆಯ ಹಿಂಬಾಗಿಲು ಬದಲಾಯಿಸಲು ಬಡಿಗ ಬಂದಿದ್ದ. ಅಂಗಳದಲ್ಲಿ ಸಾಗವಾನಿ ಹಲಗೆ ಇಟ್ಟು ಕೊಯ್ಯತೊಡಗಿದಾಗ ಎದ್ದ ವಾಸನೆಗೆ ನಾನು ಓದುತ್ತಿದ್ದ ಪೇಪರು ಮಡಚಿಟ್ಟು ಹೊರಗೆ ಹೋಗಿ ಕುಳಿತೆ. "ಯಜಮಾನ್ರು ನನ್ನ ಮ್ಯಾಲ ಕಣ್ಣಿಡಾಕ ಕುಂತಾರೇನ್ರಿ ಅವ್ವಾರ?" ಎಂದು ಅವನು ನನ್ನ ಹೆಂಡತಿಯನ್ನು ಕೇಳಿದನಂತೆ. ನಾನು ಅವನ ಕೆಲಸವನ್ನು ನೋಡುತ್ತಲೇ ಇರಲಿಲ್ಲ. ಆ ಹಸಿ ಹೊಟ್ಟಿನ ವಾಸನೆ ನನ್ನನ್ನು ಯಲ್ಲಾಪುರದ ಕಟ್ಟಿಗೆ ಡಿಪೋದ ಪಕ್ಕದ ಬಯಲಿಗೆ ಕರೆದುಕೊಂಡು ಹೋಗಿತ್ತು. ಅಲ್ಲಿನ ಹುತುತು ಅಂಕಣದಲ್ಲಿ ಮಣ್ಣಿನ ಮೇಲೆ ಮರದ ಹೊಟ್ಟು ಹಾಸುತ್ತಿದ್ದರು. ಬಿದ್ದರೆ ಮೊಣಕಾಲು ತರಚುತ್ತಿರಲಿಲ್ಲ. ಆ ಹೊಟ್ಟಿನ ಮೇಲೆ ಸದ್ದಿಲ್ಲದೆ ಓಡಾಡುತ್ತಿದ್ದ ಮೌಲಾಲಿ ನನಗೆ ಎದುರಾಳಿ ತಂಡದ ನಾಯಕ.

ನಾನಾಗ ಶಿರಸಿಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಅರವತ್ತರ ದಶಕ ಅರ್ಧ ಕಳೆದಿತ್ತು. ನಮ್ಮದು ಬನವಾಸಿಯಿಂದಾಚೆ ಒಂದು ಒಕ್ಕಲುತನದ ಮನೆ. ಅಪ್ಪನಿಗೆ ಸಹಿಯಷ್ಟೇ ಬರುತ್ತಿತ್ತು. ಅಣ್ಣ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯಲ್ಲಿ ನಪಾಸಾಗಿ ನೇಗಿಲು ಹಿಡಿದಿದ್ದ. ನಾನು ಪಾಸಾದೆ, ಆಮೇಲೂ ಪಾಸಾಗುತ್ತಲೇ ಹೋದೆ. ಊಟ ಮಠದ ಬೋರ್ಡಿಂಗಿನಲ್ಲಿ, ಪುಸ್ತಕ ಹಿಂದಿನ ವರ್ಷ ಓದಿ ಮುಗಿಸಿದವರದು. ಕಾಲೇಜು ಸೇರಿದ ವರ್ಷ ಇಂಗ್ಲಿಷ್ ಪಾಠದಲ್ಲಿ ಒಂದಕ್ಷರವೂ ತಿಳಿಯದೆ, ಮೇಷ್ಟ್ರು ನಕ್ಕಾಗ ನಕ್ಕು, ಉಳಿದವರು ಬರೆದಾಗ ಬರೆದು ದಿನ ತಳ್ಳಿದ್ದೆ. ಪದವಿ ನನಗೆ ಸುಮ್ಮನೆ ಬರಲಿಲ್ಲ. ಅದಕ್ಕೇ ಇಂದಿಗೂ ಹೆಸರಿನ ಜೊತೆಗೆ ಅದನ್ನು ಬರೆದುಕೊಳ್ಳುತ್ತೇನೆ, ನಗುವವರು ನಗಲಿ.

ಆದರೆ ಆ ವರ್ಷ ನನಗೆ ಪದವಿಯಷ್ಟೇ ಆಸೆಯಿಂದ ಬೇಕಾಗಿದ್ದದ್ದು ಇನ್ನೊಂದಿತ್ತು. ಶಿರಸಿಯ ಹುತುತು ತಂಡದ ಏಳು ಜನರಲ್ಲಿ ನನಗೊಂದು ಜಾಗ ಬೇಕಿತ್ತು. ಹೊಸ ರಾಜ್ಯವಾದ ಮೇಲೆ ಬಂದ ಮೇಷ್ಟ್ರುಗಳು ಆ ಆಟವನ್ನು ಕಬಡ್ಡಿ ಎನ್ನುತ್ತಿದ್ದರು. ನಮ್ಮ ಬಾಯಲ್ಲಿ ಮುಂಬಯಿ ಸರಕಾರದ ಕಾಲದ ಹುತುತುವೇ ಉಳಿದಿತ್ತು. ಕಾಲೇಜಿಗೆ ಬಂದ ವರ್ಷದಿಂದಲೂ ಅಭ್ಯಾಸಕ್ಕೆ ಹೋಗಿದ್ದೆ. ಅಂಕಣಕ್ಕೆ ನೀರು ಹೊಡೆದೆ, ಸುಣ್ಣದ ಗೆರೆ ಎಳೆದೆ. ಪಂದ್ಯದ ದಿನ ಮಾತ್ರ ಏಳು ಜನರ ಅಂಗಿ, ಕೈಗಡಿಯಾರ ಕಾಯುತ್ತ ಹೊರಗೆ ಕುಳಿತಿರುತ್ತಿದ್ದೆ. ಎಲ್ಲರೂ ನನ್ನನ್ನು ಕರೆಯುತ್ತಿದ್ದದ್ದು "ಬನವಾಸಿ" ಎಂದೇ. ನನ್ನ ಹೆಸರು ತಂಡದಲ್ಲಿ ಎಷ್ಟು ಜನರಿಗೆ ಗೊತ್ತಿತ್ತೋ ಅನುಮಾನ. ಅದು ನನ್ನ ಕೊನೆಯ ವರ್ಷ. ಪರೀಕ್ಷೆ ಮುಗಿದರೆ ಶಿರಸಿಯೂ ಮುಗಿಯಿತು. ಒಮ್ಮೆಯಾದರೂ ಆ ನೀಲಿ ಬನಿಯನ್ನು ತೊಟ್ಟು ಗೆರೆಯ ಒಳಗೆ ನಿಲ್ಲಬೇಕು ಎನ್ನುವುದು ನನ್ನ ಹಟವಾಗಿತ್ತು.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಒಬ್ಬ ಒಂದೇ ಉಸಿರಿನಲ್ಲಿ ಹುತುತು ಎನ್ನುತ್ತ ಎದುರಿನವರ ಅಂಕಣಕ್ಕೆ ನುಗ್ಗುತ್ತಾನೆ. ಯಾರನ್ನಾದರೂ ಮುಟ್ಟಿ ಉಸಿರು ಕಡಿಯದೆ ವಾಪಸು ಬಂದರೆ ಮುಟ್ಟಿಸಿಕೊಂಡವ ಸತ್ತ; ಹೊರಗೆ ಹೋಗಿ ಕೂರಬೇಕು. ಎದುರಿನವರು ಅವನನ್ನೇ ಹಿಡಿದು ಉಸಿರು ಕಡಿಸಿದರೆ ಅವನೇ ಸತ್ತ. ಎದುರಿನವನೊಬ್ಬ ಸತ್ತರೆ ನಮ್ಮಲ್ಲಿ ಸತ್ತವನೊಬ್ಬ ಎದ್ದು ಒಳಗೆ ಬರಬಹುದು, ಮೊದಲು ಸತ್ತವ ಮೊದಲು. ಹೊರಗಿನವನನ್ನು ಹೀಗೆ ಒಳಗೆ ತರುವುದಕ್ಕೆ "ಎಬ್ಬಿಸುವುದು" ಎನ್ನುತ್ತಿದ್ದೆವು.

ಆ ವರ್ಷ ದೀಪಾವಳಿ ಕಳೆದ ಮೇಲೆ ಯಲ್ಲಾಪುರದವರು ಶಿರಸಿಗೆ ಆಡಲು ಬಂದರು. ಮಳೆ ನಿಂತು ಬಯಲು ಆಗಷ್ಟೇ ಗಟ್ಟಿಯಾಗಿತ್ತು. ಅವರ ನಾಯಕ ದೊಡ್ಡ ಆಳಿರಬೇಕೆಂದುಕೊಂಡಿದ್ದೆ. ಲಾರಿಯಿಂದ ಮೊದಲು ಇಳಿದ ಹೊಟ್ಟೆಯ ಮನುಷ್ಯನೇ ಅವನೆಂದು ತಿಳಿದು ನಮ್ಮವನೊಬ್ಬ ನಮಸ್ಕಾರವನ್ನೂ ಮಾಡಿದ. ಅವನು ಟೇಲರ್ ಫಕೀರಣ್ಣ, ಅವರ ತಂಡದಲ್ಲಿ ಎಲ್ಲರಿಗಿಂತ ನಿಧಾನ. ಮೌಲಾಲಿ ಕೊನೆಗೆ ಇಳಿದ. ಕುಳ್ಳ, ಸಪೂರ, ನನಗಿಂತ ಮೂರ್ನಾಲ್ಕು ವರ್ಷಕ್ಕೆ ದೊಡ್ಡವ. ಅವರ ಮನೆಯದೇ ಲಾರಿ. ಕಿರವತ್ತಿ ಕಾಡಿನಿಂದ ಡಿಪೋಕ್ಕೆ ಮರದ ದಿಮ್ಮಿ, ಅಂದರೆ ನಾಟಾ, ಸಾಗಿಸುತ್ತಿದ್ದರು. ಅಪ್ಪ ಓಡಿಸಿದರೆ ಮಗ ಜೊತೆಗೆ, ಮಗ ಓಡಿಸಿದರೆ ಅಪ್ಪ ಜೊತೆಗೆ.

ಅವನ ಆಟ ನೋಡಿದ್ದು ಅಂದೇ ಮೊದಲು. ನಮ್ಮ ನಾಯಕ ಶ್ರೀಪಾದ ದಾಳಿಗೆ ಹೋಗುವಾಗ ತೊಡೆ ತಟ್ಟಿ, ಕೂಗಿ, ಎದುರಿನವರನ್ನು ಕೆಣಕಿ ಹೋಗುತ್ತಿದ್ದ. ಅದೂ ಚೆಂದವೇ. ಮೌಲಾಲಿ ಮಾತ್ರ ನೆಂಟರ ಮನೆಗೆ ಹೋದ ಹಾಗೆ ಗೆರೆ ದಾಟುತ್ತಿದ್ದ. ಅವನ ಹುತುತು ಕೂಗಾಗಿರಲಿಲ್ಲ, ಗುನುಗಿನಂತಿತ್ತು. ಎದುರಿಗಿದ್ದವರು ಅದನ್ನು ಕೇಳಿಸಿಕೊಳ್ಳಲು ಕಿವಿ ಕೊಡುತ್ತಿದ್ದರು, ಅಷ್ಟರಲ್ಲಿ ಮುಟ್ಟಿಬಿಟ್ಟಿರುತ್ತಿದ್ದ. ಹೆಗಲು ಒಂದು ಕಡೆ ಹೊರಟರೆ ಕಾಲು ಇನ್ನೊಂದು ಕಡೆ ಹೊರಟಿರುತ್ತಿತ್ತು. ಹಿಡಿಯುವಾಗಲೂ ಅಷ್ಟೆ. ಯಾರನ್ನೂ ನೆಲಕ್ಕೆ ಅಪ್ಪಳಿಸಿದ್ದನ್ನು ನಾನು ನೋಡಲಿಲ್ಲ. ಸೊಂಟಕ್ಕೆ ಕೈ ಹಾಕಿ, ತಾನು ಅಡಿಗೆ ಬಿದ್ದು, ಅವನನ್ನು ತನ್ನ ಮೇಲೆ ಬೀಳಿಸಿಕೊಳ್ಳುತ್ತಿದ್ದ. ನಾವು ಸೋತೆವು. ನಾನು ಅಂಗಿ ಕಾಯುವುದನ್ನು ಮರೆತು ನೋಡುತ್ತ ಕುಳಿತುಬಿಟ್ಟಿದ್ದೆ. ಯಾರದೋ ಟವೆಲನ್ನು ದನವೊಂದು ಅಗಿದುಹಾಕಿತ್ತು.

ಮರುದಿನ ಶ್ರೀಪಾದ ನನ್ನನ್ನು ಕರೆದ.

"ಎಂತ ಬನವಾಸಿ, ನಿನ್ನ ಅಕ್ಕನ ಮನೆ ಕಿರವತ್ತೀಲಿ ಅಲ್ದನ?"

"ಹೌದ್ರಿ."

"ಹಂಗಾರೆ ಭಾನುವಾರ ಅಕ್ಕನ ಮನಿಗೆ ಹೋಗು. ದಾರೀಲಿ ಯಲ್ಲಾಪುರದಲ್ಲಿ ಇಳಿ. ಅವ್ರು ಡಿಪೋದ ಹತ್ರ ಅಭ್ಯಾಸ ಮಾಡ್ತ್ರು. ಆ ಮೌಲಾಲಿ ಹೆಂಗೆ ಆಡ್ತ, ಎಲ್ಲಿ ತಪ್ತ, ನೋಡ್ಕಂಡು ಬಾ. ನೀನು ಓದಂವ, ನಿಂಗೆ ಗೊತ್ತಾಗ್ತು."

"ನೋಡಿಕೊಂಡು ಬಂದರ?"

ಶ್ರೀಪಾದ ನಕ್ಕ. "ಅವನ್ನ ಹಿಡಿಯೋ ದಾರಿ ತಂದ್ರೆ ಸಿದ್ದಾಪುರದ ಪಂದ್ಯಕ್ಕೆ ಏಳರಲ್ಲಿ ನೀನೂ ಒಬ್ಬ. ಆತಾ?"

ಸಿದ್ದಾಪುರದ ಪಂದ್ಯ ಸಂಕ್ರಾಂತಿಯ ನಂತರ. ಗೆದ್ದವರಿಗೆ ಢಾಲು. ನಾನು ಆ ಶನಿವಾರವೇ ಬಸ್ಸು ಹತ್ತಿದೆ.

ಅಕ್ಕನಿಗೆ ನಾನು ಬಂದದ್ದೇ ಹಬ್ಬ. ಭಾವ ಅಂಗಡಿಯ ಹಗ್ಗದ ಸುರುಳಿಗಳ ನಡುವಿನಿಂದ ತಲೆ ಎತ್ತಿ, "ಏನೋ ಬಿ.ಎ., ಪರೀಕ್ಷಾ ಹತ್ರ ಬಂದಾಗ ಅಕ್ಕ ನೆನಪಾದಳೇನು?" ಎಂದ. ಭಾನುವಾರ ಮಧ್ಯಾಹ್ನ ಯಲ್ಲಾಪುರಕ್ಕೆ ಬಂದು, ಡಿಪೋದ ಬಯಲಿನಲ್ಲಿ ನಾಟಾದ ಮೇಲೆ ಕುಳಿತು ಪುಸ್ತಕ ತೆರೆದೆ. ಬಸ್ಸಿಗೆ ಕಾಯುವವನಂತೆ ಕಾಣಬೇಕೆಂಬುದು ನನ್ನ ಉಪಾಯ. ಸ್ವಲ್ಪ ಹೊತ್ತಿಗೆ ಫಕೀರಣ್ಣ ಪಂಚೆ ಎತ್ತಿ ಕಟ್ಟುತ್ತ ಬಂದು ನನ್ನ ಮುಂದೆ ನಿಂತ.

"ಬಸ್ಸು ಆ ಕಡೆ ನಿಂದರತೈತಿ ತಮ್ಮಾ. ಈ ಕಡೆ ಬರೇ ಲಾರಿ."

"ಇಲ್ಲರಿ... ನಾನು ಸುಮ್ಮನ ಓದತಿದ್ದೆ."

"ಪುಸ್ತಕ ತಲಿಕೆಳಗಾಗಿ ಹಿಡದಿದ್ದರ ನಾವು ನಂಬತಿದ್ದಿಲ್ಲ. ಬರೋಬ್ಬರಿ ಹಿಡದೀಯಪಾ, ಅಷ್ಟು ಶಾಣ್ಯಾ ಇದ್ದಿ." ಅವನು ಹಿಂದಕ್ಕೆ ತಿರುಗಿ ಕೂಗಿದ. "ಮೌಲಾ! ಶಿರಸಿಯಿಂದ ನೋಡಾಕ ಬಂದಾರ!"

ಮೌಲಾಲಿ ಅಲ್ಲಿಂದಲೇ ನನ್ನನ್ನು ನೋಡಿದ. ಓಡಿಹೋಗಬೇಕೆನಿಸಿತು. ಅವನು ಹತ್ತಿರ ಬಂದು, "ಯಾರನ್ನಾದ್ರೂ ಕಳಸ್ತಾರಂತ ಗೊತ್ತಿತ್ತು. ಅವತ್ತು ಅಂಗಿ ಕಾಯಕೊಂತ ಕುಂತಿದ್ರಲ್ಲಾ, ನೀವ ಹೌದಿಲ್ಲೋ?" ಎಂದ. ತಂಡದ ನಮ್ಮವರೇ ಸರಿಯಾಗಿ ನೋಡದ ನನ್ನ ಮುಖ ಅವನಿಗೆ ನೆನಪಿತ್ತು. "ಅಲ್ಲಿಂದ ಕುಂತರ ಏನು ಕಾಣತೈತ್ರಿ? ಇವತ್ತು ನಮ್ಮವನೊಬ್ಬ ಹುಬ್ಬಳ್ಳಿಗೆ ಲೋಡು ತಗೊಂಡು ಹೋಗ್ಯಾನ. ಒಬ್ಬ ಕಡಿಮಿ ಅದೀವಿ. ಬರ್ರಿ, ಮೂಲಿಗೆ ನಿಂದರ್ರಿ."

ಹೀಗೆ ಶಿರಸಿಯವರು ಗುಟ್ಟು ತಿಳಿಯಲು ಕಳಿಸಿದ ನಾನು ಮೊದಲ ಭಾನುವಾರವೇ ಯಲ್ಲಾಪುರದ ಕಡೆ ಏಳನೆಯವನಾಗಿ ನಿಂತೆ. ಮುಂದಿನ ಭಾನುವಾರಗಳಲ್ಲೂ ಹಾಗೆಯೇ ಆಯಿತು. ಅವರಲ್ಲಿ ಯಾರಾದರೊಬ್ಬ ಲಾರಿಯ ಮೇಲೆ ಹೋಗಿಯೇ ಇರುತ್ತಿದ್ದ. ಗೆರೆಯ ಒಳಗೆ ಸರಿಯಾಗಿ ನಿಂತದ್ದು ನಾನು ಅಲ್ಲೇ ಮೊದಲು.

ಮಾರ್ಗಶಿರದ ಚಳಿ ಶುರುವಾಗಿತ್ತು. ಸಂಜೆ ಬೇಗ ಬೀಳುತ್ತಿತ್ತು. ನಾಟಾಗಳ ಮೇಲೆ ಇಬ್ಬನಿ ಕೂತು ಅವು ಮಲಗಿದ ಎಮ್ಮೆಗಳ ಹಾಗೆ ಮಿಂಚುತ್ತಿದ್ದವು. ಮೌಲಾಲಿ ಮಾತು ಕಡಿಮೆ ಆಡುತ್ತಿದ್ದ, ಆಡಿದ್ದು ಉಪಯೋಗಕ್ಕೆ ಬರುತ್ತಿತ್ತು. ನಾನು ಕಾಲು ಹಿಡಿದು ಎಳೆಯಲು ನೋಡುತ್ತಿದ್ದೆ. ಅವನು ನನ್ನ ಕೈ ಬಿಡಿಸಿ, "ಎಳೀಬ್ಯಾಡ. ಎಳದರ ಎದುರಿನವನೂ ಎಳೀತಾನ, ಅವನಲ್ಲಿ ಜೋರು ಹೆಚ್ಚಿದ್ದರ ನೀ ಹೋದಿ. ಹಿಡದು ಜೋತು ಬೀಳು. ನಿನ್ನ ಭಾರ ಅಂವ ಹೊರಲಿ," ಎಂದ. ಎರಡನೆಯ ಭಾನುವಾರಕ್ಕೆ "ರಿ" ಹೋಗಿ "ನೀನು" ಬಂದಿತ್ತು. ಅದು ನನಗೆ ಹಿತವಾಗಿತ್ತು.

"ನಾಳೆ ನಿಮ್ಮ ಕಾಲನ್ನ ಹಿಡದರ?" ಎಂದು ಕೇಳಿದೆ.

"ಮೊದಲ ಹಿಡಿ. ಆಮ್ಯಾಲ ವಿಚಾರ ಮಾಡೂಣು," ಎಂದ. ಎಲ್ಲರೂ ನಕ್ಕರು.

ಶ್ರೀಪಾದ ಕೇಳಿದ ದಾರಿ ನನಗೆ ಕಂಡದ್ದು ಹೀಗೆ ಆಡುತ್ತಿದ್ದಾಗಲೇ. ಅಭ್ಯಾಸದಲ್ಲಿ ಎರಡು ಗುಂಪಾಗಿ ಆಡುವಾಗ ಫಕೀರಣ್ಣ ಮೊದಲು ಸಾಯುತ್ತಿದ್ದ. ಅವನ ಮೈಯೇ ಹಾಗಿತ್ತು. ಅವನು ಹೊರಗೆ ಹೋಗಿ ಕೂತೊಡನೆ ಮುಂದಿನ ದಾಳಿಗೆ ಮೌಲಾಲಿಯೇ ಹೋಗುತ್ತಿದ್ದ. ಬೇರೆ ಹೊತ್ತಿನಲ್ಲಿ ಗೆರೆಯ ಅಂಚಿನಲ್ಲೇ ಸುಳಿದು ಬರುತ್ತಿದ್ದವನು ಆಗ ಮಾತ್ರ ಅಂಕಣದ ತಳದವರೆಗೂ ಹೋಗುತ್ತಿದ್ದ. ಯಾರನ್ನಾದರೂ ಮುಟ್ಟಿ ಬಂದು ಫಕೀರಣ್ಣನನ್ನು ಎಬ್ಬಿಸುವವರೆಗೆ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಬ್ಬ ಒಳ್ಳೆಯ ಆಟಗಾರ ಸತ್ತಾಗ ಹೀಗೆ ಹೋದರೆ ಅರ್ಥವಿತ್ತು. ಫಕೀರಣ್ಣನಿಗಾಗಿ ನಾಯಕನೇ ಅಪಾಯಕ್ಕೆ ಹೋಗುವುದು ಲೆಕ್ಕಕ್ಕೆ ಕೂಡುತ್ತಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಬಸ್ಸು ತಪ್ಪಿದಾಗ ಮೌಲಾಲಿ ತನ್ನ ಲಾರಿಯಲ್ಲಿ ನನ್ನನ್ನು ಶಿರಸಿಯ ಕಡೆ ಕರೆದುಕೊಂಡು ಹೊರಟ. ಮಂಜು ದಾರಿಯನ್ನು ತಿಂದುಹಾಕಿತ್ತು. ನಾನು ಕೇಳಿಯೇ ಬಿಟ್ಟೆ. "ಫಕೀರಣ್ಣ ಸತ್ತ ಕೂಡಲೇ ನೀವ ಯಾಕ ಹೋಗತೀರಿ? ಸ್ವಲ್ಪ ತಡದರ ಏನಾಗತದ?"

ಅವನು ಗಾಜು ಒರೆಸಿದ. "ಹೊರಗ ಕುಂತವನ ಮಾರಿ ನೋಡೀಯೇನು?"

ಅಂಗಿ ಕಾಯುತ್ತ ಹೊರಗೇ ಕುಳಿತ ನನ್ನನ್ನು ಅವನು ಈ ಪ್ರಶ್ನೆ ಕೇಳಿದ್ದ.

"ಫಕೀರಣ್ಣ ದಿನಾ ಹೊಲಿಗಿ ಮಷೀನಿನ ಮುಂದ ಕುಂದರತಾನ. ಇಲ್ಲಿ ಬಂದೂ ಕುಂದರೋದಾ? ಮತ್ತ ಅದೇನಾಗತೈತಿ ಅಂದ್ರ, ಒಬ್ಬ ಹೊರಗ ಭಾಳ ಹೊತ್ತು ಕುಂತ ಅಂದ್ರ ಒಳಗ ಇದ್ದವ್ರಿಗೂ ಅಂಜಿಕಿ ಹತ್ತತೈತಿ. ನಾಳೆ ನಮ್ಮನ್ನೂ ಹಿಂಗ ಬಿಡತಾರಂತ. ಅಂಜಿದವ ಒಳಗಿದ್ರೂ ಸತ್ತಂಗ."

ಅದನ್ನು ಹೇಳುವಾಗ ಅವನ ದನಿಯಲ್ಲಿ ಉಪದೇಶವಿರಲಿಲ್ಲ. ಗೇರು ಬದಲಿಸುತ್ತ, ಮುಂದಿನ ತಿರುವು ನೋಡುತ್ತ ಹೇಳಿದ.

ಶ್ರೀಪಾದನಿಗೆ ಕಂಡದ್ದನ್ನು ಹೇಳಿದೆ. ಅವನು ತುಸು ಹೊತ್ತು ನೆಲದ ಮೇಲೆ ಕಡ್ಡಿಯಿಂದ ಗೀಚುತ್ತ ಕೂತ. ಆಮೇಲೆ ಕಡ್ಡಿ ಎಸೆದು ಎದ್ದ. "ಸಿಕ್ತು ಮಾರಾಯ! ಆ ಡೊಳ್ಳುಹೊಟ್ಟೆ ಟೇಲರನ್ನ ಮೊದಲು ಮುಟ್ಟೋದು. ಮೌಲಾಲಿ ತಾನಾಗೇ ಒಳಗೆ ಬರ್ತ. ಮೂಲೆಯಂವ ಕಾಲು ಹಿಡಿಯೋದು, ಉಳಿದವ್ರು ಮೇಲೆ ಬೀಳೋದು. ಅವ ಹೊರಗೆ ಕೂತ ಹೇಳಾದ್ರೆ ಉಳಿದ ಆರು ಜನ ಎಂತ ಮಾಡ್ತ್ರು? ಕುರಿ ಹಿಂಡು."

"ಮೂಲೆಯಲ್ಲಿ ಯಾರು?"

"ನೀನೇಯ. ಮಾತು ಕೊಟ್ಟಿದ್ನಿಲ್ಯ?"

ಆ ರಾತ್ರಿ ಬೋರ್ಡಿಂಗಿನಲ್ಲಿ ನಾನು ಓದಿದ್ದು ತಲೆಗೆ ಹತ್ತಲಿಲ್ಲ. ಖುಷಿಗೆ. ಮುಂದಿನ ಭಾನುವಾರ ಯಲ್ಲಾಪುರಕ್ಕೆ ಹೋದಾಗ ಮೌಲಾಲಿಗೆ ನೇರವಾಗಿ ಹೇಳಿಬಿಟ್ಟೆ. "ನೀವು ಯಾವಾಗ ಒಳಗ ಬರತೀರಿ ಅನ್ನೋದನ್ನ ನಮ್ಮವರಿಗೆ ಹೇಳೀನಿ. ನಂಗ ಏಳರಲ್ಲಿ ಜಾಗ ಸಿಕ್ಕದ."

"ಹೇಳಾಕಂತ ಬಂದಿದ್ದಿ, ಹೇಳಿದಿ. ಜಾಗ ಸಿಕ್ಕಿತಿಲ್ಲೋ? ಚಲೋ ಆತು." ಅವನು ನಿಜವಾಗಿ ಸಂತೋಷಪಟ್ಟ. "ಎಲ್ಲಿ ನಿಂದರಸ್ತಾರ?"

"ಮೂಲಿಗೆ."

"ಹಂಗಾದ್ರ ಬಾ, ಇನ್ನೊಂದು ಸಲ ಹಿಡದು ತೋರಸು."

ಫಕೀರಣ್ಣ ನಾಟಾದ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. "ಅಂದ್ರ ಸಿದ್ದಾಪುರದಾಗ ಮೊದಲ ಸಾಯೋದು ನಾನಾ? ಅಷ್ಟು ದೂರ ಬಸ್ಸಿನ್ಯಾಗ ಹೋಗಿ? ಇಲ್ಲೇ ಸತ್ತು ಮನಿಗಿ ಹೋದ್ರ ನಡೀತೈತಿಲ್ಲೋ ಮೌಲಾ?"

ಸಿದ್ದಾಪುರದಲ್ಲಿ ಅಂದು ಒಳ್ಳೆಯ ಬಿಸಿಲಿತ್ತು. ಶಾಲೆಯ ಬಯಲಿನ ಅಂಚಿನ ಮಾವಿನ ಮರಗಳು ಹೂ ಬಿಟ್ಟಿದ್ದವು. ಜನ ಕಾಂಪೌಂಡಿನ ಮೇಲೂ ಕೂತಿದ್ದರು. ನೀಲಿ ಬನಿಯನ್ ನನಗೆ ದೊಗಳೆಯಾಗಿತ್ತು, ಹಿಂದಿನವನು ದಪ್ಪಗಿದ್ದ. ಅದನ್ನು ಚಡ್ಡಿಯೊಳಗೆ ತುರುಕಿಕೊಂಡು ಎಡ ಮೂಲೆಯಲ್ಲಿ ನಿಂತೆ. ಹೊರಗೆ ಅಂಗಿ ಕಾಯಲು ಇನ್ನೊಬ್ಬ ಕೂತಿದ್ದ. ಅವನನ್ನು ನೋಡಿದೆ, ಮತ್ತೆ ನೋಡಲಿಲ್ಲ.

ಶ್ರೀಪಾದ ಕೂಗುತ್ತ ಹೋಗಿ ಎರಡನೆಯ ದಾಳಿಯಲ್ಲೇ ಫಕೀರಣ್ಣನನ್ನು ಮುಟ್ಟಿ ಬಂದ. ಫಕೀರಣ್ಣ ಹೊರಗೆ ಹೋಗುತ್ತ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಮುಂದಿನ ದಾಳಿಗೆ ಬಂದವನು ಮೌಲಾಲಿಯೇ. ನಾವು ಕಾಯುತ್ತಿದ್ದೇವೆಂದು ಅವನಿಗೆ ಗೊತ್ತು, ಅವನಿಗೆ ಗೊತ್ತೆಂದು ನನಗೆ ಗೊತ್ತು. ಇನ್ನೊಬ್ಬನನ್ನು ಕಳಿಸಬಹುದಿತ್ತು, ಗೆರೆಯ ಅಂಚಿನಲ್ಲೇ ಸುಳಿದು ಹೋಗಬಹುದಿತ್ತು. ಅವನು ಆ ಗುನುಗಿನ ಜೊತೆ ನೆಟ್ಟಗೆ ಒಳಗೆ ಬಂದ. ಹೆಗಲು ಬಲಕ್ಕೆ ಬಾಗಿತು. ನಾನು ಹೆಗಲು ನೋಡಲಿಲ್ಲ, ಕಾಲು ನೋಡಿದೆ. ಎಡಗಾಲು ನನ್ನ ಕಡೆ ಚಾಚಿದ್ದೇ ಎರಡೂ ಕೈಯಿಂದ ಹಿಡಿದು ಜೋತು ಬಿದ್ದೆ. ಅವನು ನನ್ನನ್ನು ಹೊತ್ತುಕೊಂಡೇ ನಡುಗೆರೆಯ ಕಡೆ ಹೊರಟ. ಸಪೂರ ದೇಹದಲ್ಲಿ ಅಷ್ಟು ಬಲ ಎಲ್ಲಿತ್ತೋ. ಬಾಯಲ್ಲಿ ಮಣ್ಣು ತುಂಬಿತು, ನಾನು ಬಿಡಲಿಲ್ಲ. ಉಳಿದವರು ಮೇಲೆ ಬಿದ್ದರು. ಗುನುಗು ನಿಂತಿತು. ಕಾಂಪೌಂಡಿನ ಮೇಲಿನವರೆಲ್ಲ ಕೆಳಕ್ಕೆ ಹಾರಿದರು.

ಮೌಲಾಲಿ ಹೊರಗೆ ಹೋಗಿ ಫಕೀರಣ್ಣನ ಪಕ್ಕ ಕೂತ. ಆ ವರ್ಷ ಅವನು ಹೊರಗೆ ಕೂತದ್ದನ್ನು ಯಾರೂ ನೋಡಿರಲಿಲ್ಲ. ಅಲ್ಲಿಂದ ಅವನು ಏನಾದರೂ ಕೂಗಿ ಹೇಳುತ್ತಾನೆಂದು ಕಾದೆ. ಅವನು ಮೊಣಕಾಲು ಕಟ್ಟಿಕೊಂಡು ಸುಮ್ಮನೆ ಕೂತಿದ್ದ.

"ಇನ್ನು ಸಮಾಧಾನದಲ್ಲಿ ಆಡಿ. ಗೆದ್ದಂಗೇಯ," ಎಂದ ಶ್ರೀಪಾದ.

ನಮ್ಮ ದಾಳಿ ಬರಿದೇ ಹೋದ ಮೇಲೆ ಅವರಲ್ಲಿ ನಾರಾಯಣ ಎನ್ನುವವನು ದಾಳಿಗೆ ಬಂದ. ಡಿಪೋದಲ್ಲಿ ಗುಮಾಸ್ತ, ಭಾನುವಾರದ ಅಭ್ಯಾಸದಲ್ಲಿ ನಡುಗೆರೆಯಿಂದ ನಾಲ್ಕು ಹೆಜ್ಜೆ ಹೋದರೆ ಹೆಚ್ಚು ಎನ್ನುವಂಥವನು. ನಾವು ಅವನ ಮೇಲೆ ಕಣ್ಣೂ ಇಟ್ಟಿರಲಿಲ್ಲ. ಅವನು ಗುನುಗುತ್ತ ತಳದವರೆಗೂ ಬಂದು, ನಮ್ಮ ಬಲ ಮೂಲೆಯವನನ್ನು ಮುಟ್ಟಿ ಹೋದ. ಫಕೀರಣ್ಣ ಎದ್ದ. ನಮ್ಮವನೊಬ್ಬ ಹೋಗಿ ಬರಿಗೈಯಲ್ಲಿ ಬಂದ. ಮುಂದೆ ಬಂದವನು ಸ್ವತಃ ಫಕೀರಣ್ಣ. ಅವನು ದಾಳಿ ಮಾಡಿದ್ದನ್ನು ನಾನು ಒಂದು ಭಾನುವಾರವೂ ನೋಡಿರಲಿಲ್ಲ. ಹೊಟ್ಟೆ ಕುಣಿಸುತ್ತ, ಏದುಸಿರಿನಲ್ಲಿ ಹುತುತು ಎನ್ನುತ್ತ ಬರುತ್ತಿದ್ದವನನ್ನು ಕಂಡು ಜನ ನಕ್ಕರು, ನಾವೂ ನಕ್ಕೆವು. ಆ ನಗುವಿನಲ್ಲೇ ಅವನ ದಪ್ಪ ಕೈ ನನ್ನ ಭುಜಕ್ಕೆ ತಾಗಿತು. ಮೂಲೆ ಬಿಟ್ಟು ಹೊರಡುವ ಮುಂಚೆಯೇ ಅವನು ಗೆರೆಯಾಚೆ ಬಿದ್ದುಕೊಂಡು ಕೆಮ್ಮುತ್ತಿದ್ದ. ಮೌಲಾಲಿ ಎದ್ದು ಒಳಗೆ ನಡೆದ. ನಾನು ಎದ್ದು ಹೊರಗೆ ನಡೆದೆ.

ನಮ್ಮ ತಪ್ಪು ನನಗೆ ತಿಳಿದದ್ದು ಅಲ್ಲಿ ಕೂತ ಮೇಲೆ. ಅಷ್ಟು ಭಾನುವಾರ ನಾನು ನೋಡಿದ್ದು ಮೌಲಾಲಿಯನ್ನು ಮಾತ್ರ. ಅವನನ್ನು ಅವನ ತಂಡದವರು ದಿನಾ ನೋಡುತ್ತಿದ್ದರು ಎನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ಹೊರಗಿದ್ದವನಿಗಾಗಿ ಹೋಗುವುದು ಒಬ್ಬನ ಅಭ್ಯಾಸವೆಂದು ಶ್ರೀಪಾದನಿಗೆ ಹೇಳಿದ್ದೆ. ಅದು ಏಳೂ ಜನರ ಅಭ್ಯಾಸವಾಗಿತ್ತು. ಮೌಲಾಲಿ ಹೊರಗೆ ಕೂತ ದಿನವೇ ಅದು ಕಣ್ಣಿಗೆ ಬಿತ್ತು.

ಶ್ರೀಪಾದ ಗೆರೆಯ ಅಂಚಿನಲ್ಲೇ ಸುಳಿದು ಬರುತ್ತಿದ್ದ. ಹೊತ್ತು ಕಳೆಯುವುದು ಅವನ ಲೆಕ್ಕ. ನಮ್ಮ ಬಲ ಮೂಲೆಯವನು ನನ್ನ ಪಕ್ಕ ಕೂತು ಹುಲ್ಲು ಕೀಳುತ್ತಿದ್ದ. ಒಬ್ಬೊಬ್ಬರಾಗಿ ನಮ್ಮವರು ಬಂದು ನಮ್ಮ ಸಾಲಿನಲ್ಲಿ ಕೂತರು. ನಮ್ಮನ್ನು ಎಬ್ಬಿಸಲು ಒಬ್ಬನೂ ಒಳಗೆ ಹೋಗಲಿಲ್ಲ. ಹೋಗುವುದನ್ನು ನಾವು ಕಲಿತೇ ಇರಲಿಲ್ಲ. ಶೀಟಿ ಊದಿದಾಗ ನಾನು ಹೊರಗೇ ಇದ್ದೆ, ಮೈಮೇಲೆ ನೀಲಿ ಬನಿಯನ್ ಇತ್ತು.

ಢಾಲನ್ನು ಫಕೀರಣ್ಣ ತಲೆಯ ಮೇಲೆ ಹೊತ್ತು ಕುಣಿದ. ಮೌಲಾಲಿ ಕಾಲು ಕುಂಟುತ್ತ ನನ್ನ ಬಳಿ ಬಂದ. "ಚಲೋ ಹಿಡದಿ. ಯಾರು ಕಲಿಸಿದ್ದಂತ ನಿಮ್ಮವರಿಗೆ ಹೇಳಬ್ಯಾಡ," ಎಂದು ನಕ್ಕ. ಆಮೇಲೆ ದನಿ ತಗ್ಗಿಸಿದ. "ನನಗ ಇವತ್ತು ಭಾಳ ಖುಷಿ ಆಗೇತಿ ಬನವಾಸಿ. ನನ್ನ ಸಲವಾಗಿ ಒಬ್ಬ ಒಳಗ ಹೋಗೋದನ್ನ ನಾ ಯಾವತ್ತೂ ಕುಂತು ನೋಡಿದ್ದಿಲ್ಲ. ಫಕೀರಣ್ಣ ಹೊಂಟಾಗ ನನ್ನ ಎದಿ ಹೊಡಕೊಂಡಿದ್ದು ನಿಮ್ಮ ಕಡೆ ಕೇಳಿಸಿರಬೇಕು."

ಶಿರಸಿಗೆ ವಾಪಸಾಗುವ ಬಸ್ಸಿನಲ್ಲಿ ಶ್ರೀಪಾದ ಮುಂದಿನ ಸೀಟಿಗೆ ಹೋಗಿ ಕೂತ. ಕೆಲವರು ನನ್ನನ್ನು ಬೈದರು: ಟೇಲರನಿಂದ ಮುಟ್ಟಿಸಿಕೊಂಡ ಬನವಾಸಿ ಎಂದರು. ನಾನು ಕಾಲು ಹಿಡಿದದ್ದನ್ನು ಯಾರೂ ಎತ್ತಲಿಲ್ಲ. ಬನಿಯನ್ನು ಒಗೆದು ಒಣಗಿಸಿ ಮರಳಿಸಿದೆ. ಇನ್ನು ಉಳಿದದ್ದು ಪರೀಕ್ಷೆ ಮಾತ್ರ ಎಂದುಕೊಂಡು ಪುಸ್ತಕ ಹಿಡಿದೆ.

ಆದರೆ ಶನಿವಾರ ಬಂದಾಗ ಮನಸ್ಸು ಕೇಳಲಿಲ್ಲ. ಪುಸ್ತಕ ಹಿಡಿದುಕೊಂಡೇ ಬಸ್‌ಸ್ಟ್ಯಾಂಡಿಗೆ ಹೋದೆ. ಯಲ್ಲಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಶ್ರೀಪಾದ ಕೂತಿದ್ದ. ಕೈಯಲ್ಲಿ ಚೀಲ. ನನ್ನನ್ನು ನೋಡಿ ತುಸು ಸರಿದು ಜಾಗ ಮಾಡಿದ.

"ನೀ ಹೇಳಿದ್ದು ಸುಳ್ಳಲ್ದ," ಎಂದ ಬಸ್ಸು ಊರು ದಾಟಿದ ಮೇಲೆ. "ನೀ ಅರ್ಧ ನೋಡಿದ್ದೆ. ನಾನು ಕಾಲು ಭಾಗನೂ ನೋಡಿದ್ನಿಲ್ಲೆ."

"ಈಗ ಎಲ್ಲಿಗೆ ಹೊರಟೀರಿ?"

ಅವನು ಹೊರಗೆ ನೋಡಿದ. "ಅಲ್ಲಿ ಒಬ್ಬ ಕಡಿಮೆ ಇರ್ತ ಹೇಳಿ ನೀನೇ ಹೇಳಿದ್ದೆ. ನಂಗೆ ಜಾಗ ಕೊಡ್ತ್ರನ?"

ಮೂರು ತಿಂಗಳ ಹಿಂದೆ ನಾನು ಅವನಿಂದ ಬಯಸಿದ್ದು ಅದನ್ನೇ. ನನಗೆ ನಗು ಬಂತು, ನಗಲಿಲ್ಲ. "ಕೇಳಿ ನೋಡೋಣ," ಎಂದೆ. ಆ ರಾತ್ರಿ ಅವನೂ ಅಕ್ಕನ ಮನೆಯಲ್ಲೇ ಉಳಿದ. ಮಡಿಯ ಮನೆಯವನು; ತಾನೇ ನೀರು ಸೇದಿಕೊಂಡು, ಅಕ್ಕ ಕೊಟ್ಟ ಅವಲಕ್ಕಿ, ಬಾಳೆಹಣ್ಣು ತಿಂದ.

ಭಾನುವಾರ ಇಬ್ಬರೂ ಡಿಪೋದ ಬಯಲಿಗೆ ಹೋದೆವು. ಮೌಲಾಲಿ ಶ್ರೀಪಾದನನ್ನು ನೋಡಿ ಆಶ್ಚರ್ಯ ತೋರಿಸಲಿಲ್ಲ. "ಬರ್ರಿ ಕ್ಯಾಪ್ಟನ್, ಚಾ ಆತೇನ್ರಿ?" ಎಂದ. ಅಂದು ಲಾರಿಯ ಮೇಲೆ ಇಬ್ಬರು ಹೋಗಿದ್ದರು. ಮೌಲಾಲಿಯ ಎದುರಿನ ಗುಂಪಿನಲ್ಲಿ ಶ್ರೀಪಾದ ಒಂದು ಮೂಲೆಗೆ, ನಾನು ಇನ್ನೊಂದು ಮೂಲೆಗೆ ನಿಂತೆವು. ಆಟ ಶುರುವಾಗಿ ಸ್ವಲ್ಪದರಲ್ಲೇ ಮೌಲಾಲಿ ಬಂದು ಶ್ರೀಪಾದನನ್ನು ಮುಟ್ಟಿ ಹೋದ. ಶ್ರೀಪಾದ ಹೊಟ್ಟು ಕೊಡವಿಕೊಂಡು ಹೊರಗೆ ಹೋಗಿ ನಾಟಾದ ಮೇಲೆ ಕೂತ. ಅವನು ಯಾರ ಮುಖವನ್ನೂ ನೋಡದೆ ಕೂತ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಉಸಿರೆಳೆದುಕೊಂಡು ಗೆರೆ ದಾಟಿದೆ. ಎದುರಿಗೆ ಫಕೀರಣ್ಣ, ನಾರಾಯಣ, ನಡುವೆ ಮೌಲಾಲಿ. ಮೂವರೂ ಹಿಂದೆ ಸರಿದು ನನ್ನನ್ನು ಒಳಗೆ ಬಿಟ್ಟುಕೊಂಡರು. ತಳದ ಗೆರೆಯ ಹತ್ತಿರ ನಾರಾಯಣನ ಮೊಣಕೈ ನನ್ನ ಬೆರಳ ತುದಿಗೆ ತಾಗಿತು. ತಿರುಗಿದೆ. ಮೌಲಾಲಿಯ ಕೈ ನನ್ನ ಸೊಂಟಕ್ಕೆ ಬಂತು, ನಾನು ಕುಗ್ಗಿ ಜಾರಿಕೊಂಡೆ. ಎದೆ ಸಿಡಿಯುವ ಹೊತ್ತಿಗೆ ನಡುಗೆರೆಯಾಚೆ ಹೊಟ್ಟಿನ ಮೇಲೆ ಬಿದ್ದೆ.

"ಏಳ್ರಿ ಕ್ಯಾಪ್ಟನ್, ನಿಮ್ಮನ್ನ ಎಬ್ಬಿಸ್ಯಾನ!" ಎಂದು ಫಕೀರಣ್ಣ ಕೂಗಿದ.

ಶ್ರೀಪಾದ ನಾಟಾದಿಂದ ಇಳಿದು ಒಳಗೆ ಬಂದ. ಬರುವಾಗ ನನ್ನ ಕಡೆ ನೋಡಲಿಲ್ಲ, ಮೌಲಾಲಿಯ ಕಡೆ ನೋಡಿದ. ಆಮೇಲೆ ತನ್ನ ಮೂಲೆಗೆ ಹೋಗಿ ನಿಂತು, ಮುಂದೆ ದಾಳಿಗೆ ಬರುವವನನ್ನು ಹಿಡಿಯಲು ಬಗ್ಗಿದ.